ನಿಧಾನದ ಮದ್ದು

ಜೂನ್ ೪

ಪುಟ್ಟಾ,

ಮೀಸೆ ನರೆತವನನ್ನು ಪುಟ್ಟ ಅಂತ ಕರೆಯಬೇಡ ಎಂದು ಬರೆದಿದ್ದೀಯ. ನಿನ್ನ ಮೀಸೆಗೆ ಹೆದರಿ ನಾನು ನಾಲಿಗೆ ತಿದ್ದಿಕೊಳ್ಳಬೇಕೇ? ನಿನ್ನ ಮೂಗು ಒರೆಸಿ ಬೆಳೆಸಿದ ಕೈ ಇದು. ನೀನು ಮುದುಕನಾದರೂ ಪುಟ್ಟನೇ.

ಮೂಲೆ ಅಂಗಡಿಯ ಫೋನಿಗೆ ಮಾಡುತ್ತೇನೆ, ಬಂದು ಮಾತಾಡು ಎಂದೂ ಬರೆದಿದ್ದೀಯ. ಬೇಡಪ್ಪಾ. ಮಿಲ್ಲಿನ ಮಗ್ಗಗಳ ನಡುವೆ ಅರ್ಧ ಆಯುಸ್ಸು ಕಳೆದ ಕಿವಿ ಇದು. ಹೋದ ಸಲ ನೀನು ಫೋನಿನಲ್ಲಿ ಏನೋ ಹೇಳಿದೆ, ನಾನು "ಒಳ್ಳೇದಾಯ್ತು, ಒಳ್ಳೇದಾಯ್ತು" ಅಂದೆ. ಆಮೇಲೆ ನೋಡಿದರೆ ನಿನಗೆ ಜ್ವರ ಬಂದಿತ್ತಂತೆ. ಬರೆದರೆ ಇಂಥ ಅಪದ್ಧವಾಗುವುದಿಲ್ಲ. ವಠಾರದವರೂ ಈಗ ರೂಢಿ ಮಾಡಿಕೊಂಡಿದ್ದಾರೆ. ನನ್ನ ಚೀಲದಲ್ಲಿ ಮಕ್ಕಳ ಸ್ಲೇಟೊಂದು ಸದಾ ಇರುತ್ತದೆ. ಏನಾದರೂ ಹೇಳಬೇಕಾದರೆ ಬಳಪ ಹಿಡಿದು ಬರೆಯುತ್ತಾರೆ. ರಫು ಕೆಲಸಕ್ಕಂತೂ ಕಿವಿ ಬೇಡ, ಕಣ್ಣು ಸಾಕು. ಬೆಂಕಿಯ ಕಿಡಿ ಬಿದ್ದ ಕೋಟು, ಇಲಿ ಕಡಿದ ಕಂಬಳಿ ಬರುತ್ತಲೇ ಇರುತ್ತವೆ. ತೂತು ಎಲ್ಲಿತ್ತೆಂದು ಕೊಟ್ಟವರಿಗೇ ತಿಳಿಯದ ಹಾಗೆ ಹೆಣೆದು ಕಳಿಸುತ್ತೇನೆ.

ಇಲಿ ಅಂದೆನಲ್ಲ, ಈಗ ನಮ್ಮ ವಠಾರದಲ್ಲಿ ಅದರದೇ ಗಲಾಟೆ.

ನನ್ನ ಹಿತ್ತಲ ಬಾಗಿಲಿಗೆ ಬರುವ ನಾಲ್ಕು ಬೆಕ್ಕುಗಳನ್ನು ನೀನು ನೋಡಿದ್ದೀಯ. ಮೇಸ್ತ್ರಿ, ಅಂಗಳವೆಲ್ಲ ತನ್ನ ಉಸ್ತುವಾರಿಯಲ್ಲಿದೆ ಅನ್ನುವ ಹಾಗೆ ತಿರುಗುವ ಗಡವ. ಬಾಣಂತಿ, ಅವಳಿಗೆ ವರ್ಷವಿಡೀ ಅದೇ ಕೆಲಸ. ಕಪ್ಪಗಿನ ಮಸಿ. ಬಾಣಂತಿಯ ಹೋದ ಸಲದ ಮರಿಗಳಲ್ಲಿ ಉಳಿದ ಒಂದೇ ಒಂದು, ಚೂರು. ಅವು ಕೂಗುವುದು ನನಗೆ ಕೇಳಿಸುವುದಿಲ್ಲ, ಬಾಯಿ ತೆರೆದದ್ದು ಕಂಡರೆ ಹಸಿದಿವೆ ಅಂದುಕೊಳ್ಳುತ್ತೇನೆ. ಆದರೆ ಮೇಸ್ತ್ರಿ ಬಂದು ಕಾಲಿಗೆ ಒರಗಿ ಗುರುಗುಟ್ಟಿದರೆ ಮೊಣಕಾಲಿನ ಕೆಳಗೆ ಸಣ್ಣಗೆ ನಡುಗುತ್ತದೆ. ಈಚೆಗೆ ನನಗೆ ಕೇಳಿಸುವುದು ಅದೊಂದೇ. ಅದಕ್ಕೇ ಇರಬೇಕು, ಅವುಗಳಿಗೆ ತಟ್ಟೆ ಇಡದೆ ನನಗೆ ಕಾಫಿ ಇಳಿಯುವುದಿಲ್ಲ.

"ಇಷ್ಟೊಂದು ಬೆಕ್ಕಿಗೆ ಊಟ ಹಾಕ್ತೀರ, ಇಲಿ ಯಾಕೆ ಕಮ್ಮಿ ಆಗ್ತಿಲ್ಲ? ಕೂತಲ್ಲೇ ತಿಂದು ಸೋಮಾರಿಗಳಾಗಿವೆ" ಎಂದು ಮಹಡಿಯ ಟೀಚರಮ್ಮ ಸ್ಲೇಟಿನ ತುಂಬ ದುಂಡಗೆ ಬರೆದಳು. ಮೆಟ್ಟಿಲ ಕೆಳಗೆ ಅಂಗಡಿ ಇಟ್ಟಿರುವ ಗಡಿಯಾರದವರದು ಬೇರೆ ತಕರಾರು. ನೆನಪಿದೆಯಲ್ಲ, ನನ್ನ ಬೆಲ್ಲಿನ ತಂತಿಗೆ ಬಲ್ಬು ಸೇರಿಸಿಕೊಟ್ಟವರು. ಹೊರಗೆ ಯಾರಾದರೂ ಒತ್ತಿದರೆ ಒಳಗೆ ದೀಪ ಹತ್ತುತ್ತದೆ, ಕಿವುಡಿಗೆ ನೆಂಟರು ಬಂದದ್ದು ತಿಳಿಯುತ್ತದೆ. ನಾನು ಕೇಳಿರಲಿಲ್ಲ, ತಾವೇ ಬಂದು ಹಾಕಿಹೋದರು. ಒಳ್ಳೆಯ ಮನುಷ್ಯ, ಆದರೆ ಬೆಕ್ಕು ಅಂದರೆ ಮೈಯೆಲ್ಲ ಉರಿ. ಮೇಸ್ತ್ರಿಗೂ ಇಡೀ ಅಂಗಳದಲ್ಲಿ ಉಚ್ಚೆ ಹೊಯ್ಯಲು ಅವರ ಅಂಗಡಿಯ ಬಾಗಿಲೇ ಆಗಬೇಕು.

ಓನರು ಬಂದು ತೀರ್ಮಾನ ಹೇಳಿಹೋದ. ಮುಂದಿನ ತಿಂಗಳೊಳಗೆ ಇಲಿ ಹೋಗದಿದ್ದರೆ ಬೆಕ್ಕಿನ ತಟ್ಟೆ ಅಂಗಳದಲ್ಲಿ ಕಾಣಬಾರದು. ಕಂಡರೆ ತಟ್ಟೆಯ ಜೊತೆ ನನ್ನ ಗಂಟುಮೂಟೆಯೂ ಹೊರಗೆ.

ಅದಕ್ಕೇ ಸಂಜೆಯ ಊಟ ನಿಲ್ಲಿಸಿದ್ದೇನೆ. ಬೆಳಿಗ್ಗೆ ಒಂದು ಹೊತ್ತು ಮೀನಿನ ತಲೆ, ಅಷ್ಟೇ. ಹೊಟ್ಟೆ ಕಾದರೆ ತಾವೇ ಹಿಡಿಯುತ್ತವೆ. ಸಂಜೆ ನಾಲ್ಕೂ ಬಂದು ಬಾಗಿಲಲ್ಲಿ ಕೂತು ನನ್ನ ಮುಖ ನೋಡುತ್ತವೆ. ನೋಡಲಾರದೆ ಬಾಗಿಲು ಹಾಕಿಕೊಳ್ಳುತ್ತೇನೆ. ಇಲಿಯ ಕೆಲಸ ನಿನಗೆ ಗೊತ್ತು, ಬೇರೆ ಏನಾದರೂ ಉಪಾಯವಿದ್ದರೆ ಬರೆ. ನನ್ನ ನಾದಿನಿಗೆ ಭಾರ ಎತ್ತಬೇಡ ಅನ್ನು.

ನಿನ್ನ ಅಕ್ಕ

*

ಜೂನ್ ೧೫

ಅಕ್ಕಾ,

ನೀನು ಬೆಕ್ಕಿಗೆ ಅನ್ನ ಹಾಕುತ್ತೀಯ, ನನಗೆ ಇಲಿ ಅನ್ನ ಹಾಕುತ್ತದೆ. ನಮ್ಮಿಬ್ಬರ ದಾರಿ ಕೊನೆಗೂ ಒಂದೇ ಕಡೆ ಬಂದು ನಿಂತಿತು ನೋಡು.

ಇಲ್ಲಿ ಬಂದರಿನ ಗೋದಾಮುಗಳಲ್ಲಿ ದವಸದ ಮೂಟೆ ಬೆಟ್ಟದ ಹಾಗೆ ಬಿದ್ದಿದೆ. ಅವುಗಳ ಸಂದಿಯಲ್ಲಿ ಬಗ್ಗಿಕೊಂಡು ಡಬ್ಬಿ ಇಡುವುದು, ಸತ್ತದ್ದನ್ನು ಎತ್ತುವುದು, ಇಷ್ಟೇ ನನ್ನ ದಿನ. ಮನೆಗೆ ಬಂದರೆ ನಿನ್ನ ನಾದಿನಿ "ಮೊದಲು ಸ್ನಾನ, ಆಮೇಲೆ ಮಾತು" ಅನ್ನುತ್ತಾಳೆ. ಅವಳಿಗೀಗ ಆರು ತಿಂಗಳು ತುಂಬುತ್ತಿದೆ. ಹೊಟ್ಟೆಯೊಳಗಿನದು ಒದೆಯುವ ರೀತಿ ನೋಡಿದರೆ ನಿನ್ನನ್ನೇ ಹೋಲುವ ಹಾಗಿದೆ.

ನಿನ್ನ ಕಡೆ ಬರುವ ಲಾರಿ ಡ್ರೈವರ್ ಕೈಯಲ್ಲಿ ಒಂದು ಗಂಟು ಕಳಿಸಿದ್ದೇನೆ. ಅದರಲ್ಲಿ ಕೆಲವು ಕಪ್ಪು ಡಬ್ಬಿಗಳಿವೆ. ಒಳಗೆ ನೀಲಿ ಬಿಲ್ಲೆ, ಪಕ್ಕದಲ್ಲಿ ಇಲಿ ನುಗ್ಗುವಷ್ಟೇ ತೂತು. ಬೆಕ್ಕಿನ ಮೂತಿ ಕೂಡ ಹಿಡಿಸುವುದಿಲ್ಲ. ಚರಂಡಿಯ ಪಕ್ಕ, ಸೌದೆಯ ಹಿಂದೆ, ಗೋಡೆಗೆ ಒತ್ತಿ ಇಡು. ಮುಚ್ಚಳ ತೆಗೆಯಬೇಡ, ಮುಟ್ಟಿದ ಮೇಲೆ ಕೈ ತೊಳೆ. ಇದು ನಿಧಾನದ ಮದ್ದು. ತಿಂದ ತಕ್ಷಣ ಬಿದ್ದು ಸತ್ತರೆ ಉಳಿದ ಇಲಿಗಳು ಎಚ್ಚೆತ್ತು ಆ ಕಡೆ ಸುಳಿಯುವುದೇ ಇಲ್ಲ. ಇದನ್ನು ತಿಂದದ್ದು ನಾಲ್ಕಾರು ದಿನ ಓಡಾಡಿಕೊಂಡೇ ಇರುತ್ತದೆ, ಆಮೇಲೆ ಹೋಗುತ್ತದೆ. ಉಳಿದವಕ್ಕೆ ಅನುಮಾನವೇ ಬರುವುದಿಲ್ಲ.

ಪುಡಿಯ ವಿಷವೂ ಇತ್ತು. ನೆಲಕ್ಕೆ ಚೆಲ್ಲಿದರೆ ನಿನ್ನ ಮೇಸ್ತ್ರಿ ಕಾಲಿಗೆ ಹತ್ತಿಸಿಕೊಂಡು ನೆಕ್ಕಿಬಿಡುತ್ತಾನೆ. ನಿನ್ನ ನಾಲ್ವರು ಇದ್ದಾರೆ ಅಂತಲೇ ಹುಡುಕಿ ಇದನ್ನು ಆರಿಸಿದೆ.

ಒಂದು ಮಾತು. ಇದು ಸ್ಟೋರಿನ ಮಾಲು, ಹೊರಗೆ ಕೊಡುವ ಹಾಗಿಲ್ಲ. ಯಾರಿಗೂ ಹೇಳಬೇಡ. ಗೊತ್ತಾದರೆ ಕೆಲಸದಿಂದ ತೆಗೆಯುತ್ತಾರೆ, ಈ ಹೊತ್ತಿನಲ್ಲಿ ಅದಾಗಬಾರದು. ಇಲಿ ಕಡಿಮೆಯಾದರೆ ಎಲ್ಲ ನಿನ್ನ ಬೆಕ್ಕುಗಳ ಪ್ರತಾಪ ಅಂತ ಹೇಳಿಕೊಂಡು ಓಡಾಡು.

ಪುಟ್ಟ (ಮೀಸೆಯವನು)

*

ಜುಲೈ ೨

ಪುಟ್ಟಾ,

ನಿನ್ನ ಡಬ್ಬಿಗಳನ್ನು ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಇಟ್ಟೆ. ಯಾರೂ ನೋಡಲಿಲ್ಲ. ನೋಡಿದ್ದು ಚೂರು ಒಂದೇ. ಪ್ರತಿ ಡಬ್ಬಿಯನ್ನೂ ಮೂಸಿ, ಮುಖ ಸಿಂಡರಿಸಿ, ನನ್ನ ಹಿಂದೆಯೇ ಬಂತು.

ಈಗಿನ ಸುದ್ದಿ ಕೇಳು. ಮೇಸ್ತ್ರಿ ಮೊನ್ನೆ ನನ್ನ ಬಾಗಿಲಿಗೆ ಒಂದು ಹೆಗ್ಗಣ ತಂದು ಹಾಕಿದ! ಹಾಕಿ, ಕೂಲಿ ಕೇಳುವವನ ಹಾಗೆ ಕೂತ. ನಿನ್ನೆ ಬಾಣಂತಿ ಒಂದು ಹಿಡಿದು ಚೂರುವಿನ ಮುಂದೆ ಇಟ್ಟು ಬೇಟೆಯ ಪಾಠ ಮಾಡಿದಳು. ಮಸಿಯಂತೂ ಸೌದೆಯ ಪಕ್ಕದಿಂದ ಏಳುವುದೇ ಇಲ್ಲ. ಇಲಿಗಳು ಹಾಡುಹಗಲಲ್ಲೇ ಹೊರಬಂದು ಮಂಕು ಕವಿದವರ ಹಾಗೆ ನಿಲ್ಲುತ್ತವೆ. ಹಿಡಿಯುವುದಕ್ಕೆ ಏನೂ ಕಷ್ಟವಿಲ್ಲ. ಸಂಜೆ ಹಸಿವಿಗೆ ಬಿಟ್ಟದ್ದಕ್ಕೂ ಸಾರ್ಥಕವಾಯಿತು. ನಿನ್ನ ಬಿಲ್ಲೆಗಿಂತ ನನ್ನವರೇ ಜೋರು ಅಂತ ಕಾಣುತ್ತದೆ, ಬೇಜಾರು ಮಾಡಿಕೊಳ್ಳಬೇಡ.

ಟೀಚರಮ್ಮ ಸ್ಲೇಟು ಕಿತ್ತುಕೊಂಡು "ಮಾತು ವಾಪಸ್ ತಗೊಂಡೆ" ಅಂತ ಬರೆದಳು. ನಾನು ಅದನ್ನು ಅಳಿಸದೆ ಇಡೀ ದಿನ ಎಲ್ಲರಿಗೂ ತೋರಿಸಿದೆ.

ಗಡಿಯಾರದವರು ಮಾತ್ರ ಸೋಲುವವರಲ್ಲ. ನಿನ್ನೆ ಮೇಸ್ತ್ರಿ ಅವರ ಅಂಗಡಿಯೊಳಗೇ ನುಗ್ಗಿ, ಬಿಚ್ಚಿಟ್ಟ ಕೈಗಡಿಯಾರದ ತಿರುಪು, ಮುಳ್ಳುಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿದನಂತೆ. ಪಾಪ, ಹೊತ್ತು ಮುಳುಗುವವರೆಗೂ ನೆಲದ ಮೇಲೆ ಮಂಡಿಯೂರಿ ಹುಡುಕಿದರು. ಆಮೇಲೆ ಅಂಗಳದ ನಡುವೆ ನಿಂತು ಕೈ ಎತ್ತಿ ಏನೋ ಕೂಗಿದರು. ಏನಂದರು ಅಂತ ಟೀಚರಮ್ಮನನ್ನು ಕೇಳಿದೆ. "ಒಂದಿನ ಇವನ್ನೆಲ್ಲ ಮುಗಿಸಿಬಿಡ್ತೀನಿ ಅಂದ್ರು" ಎಂದು ಬರೆದು ನಕ್ಕಳು. ನಾನೂ ನಕ್ಕೆ. ಅವರ ಮುಂಗೋಪ ಯಾರಿಗೆ ಗೊತ್ತಿಲ್ಲ?

ಮಗುವಿಗೆ ಒಂದು ಸಣ್ಣ ಕಂಬಳಿ ಹೆಣೆಯುತ್ತಿದ್ದೇನೆ.

ನಿನ್ನ ಅಕ್ಕ

*

ಜುಲೈ ೧೯

ಪುಟ್ಟಾ,

ಮಸಿ ಹೋದಳು. ಅವಳ ಹಿಂದೆಯೇ ಬಾಣಂತಿಯೂ ಹೋದಳು.

ಮಸಿ ಎರಡು ದಿನ ತಟ್ಟೆಯ ಹತ್ತಿರ ಬರಲಿಲ್ಲ. ಹುಡುಕಿದರೆ ಸೌದೆಯ ಹಿಂದೆ ಮಲಗಿದ್ದಳು. ಎತ್ತಿದರೆ ಒದ್ದೆ ಬಟ್ಟೆಯ ಹಾಗೆ ಕೈಯಿಂದ ಜೋಲುಬಿದ್ದಳು. ಬಾಯಿ ಬಿಡಿಸಿ ನೋಡಿದೆ, ಒಸಡು ಬಿಳುಚಿ ಕಾಗದದಂತಾಗಿತ್ತು. ಮೂಗಿನಲ್ಲಿ ರಕ್ತ. ಬಾಣಂತಿಯ ಹೊಟ್ಟೆಯ ಕೆಳಗೆಲ್ಲ ನೀಲಿಗಟ್ಟಿತ್ತು, ಯಾರೋ ಬಡಿದ ಹಾಗೆ. ಉಸಿರು ಎಳೆದೂ ಎಳೆದೂ ನನ್ನ ಕೈಯಲ್ಲೇ ನಿಂತಿತು. ಅವಳ ಪಕ್ಕೆಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದೆ, ಅದಕ್ಕೇ ನಿಂತದ್ದು ಗೊತ್ತಾಯಿತು. ನಮ್ಮಮ್ಮ ಹೋದಾಗಲೂ ನಾನು ಇಷ್ಟು ಅತ್ತಿರಲಿಲ್ಲ ಅಂದರೆ ನೀನು ಬೈಯುತ್ತೀಯ. ಬೈ.

ಇದು ಕಾಯಿಲೆಯಲ್ಲ, ಯಾರೋ ವಿಷ ಹಾಕಿದ್ದಾರೆ. ನನಗೆ ಈಗ ಆ ಮಾತು ನೆನಪಾಗುತ್ತಿದೆ, ಅಂಗಳದಲ್ಲಿ ಕೈ ಎತ್ತಿ ಕೂಗಿದ್ದು. ನಕ್ಕೆನಲ್ಲ, ನನ್ನ ಬುದ್ಧಿಗೆ ಏನನ್ನಬೇಕು.

ನಿನ್ನದು ವಿಷದ ಕೆಲಸ. ಒಸಡು ಬಿಳುಚುವುದು, ಮೂಗಿನಲ್ಲಿ ರಕ್ತ, ಮೈ ನೀಲಿಗಟ್ಟುವುದು, ಇದು ಯಾವ ವಿಷ ಅಂತ ನಿನಗೆ ಗೊತ್ತಿರಲೇಬೇಕು. ಬೇಗ ಬರೆ. ಅದಕ್ಕೆ ಮದ್ದು ಇದೆಯೇ ಅಂತಲೂ ಬರೆ. ಮೇಸ್ತ್ರಿ, ಚೂರು ಇಬ್ಬರೂ ಈಗ ಚೆನ್ನಾಗಿದ್ದಾರೆ. ಇವತ್ತೂ ಒಂದು ಇಲಿ ಹಿಡಿದು ಹಂಚಿಕೊಂಡರು.

ಅಕ್ಕ

*

ಜುಲೈ ೩೦

ಅಕ್ಕಾ,

ಕಾಗದ ಬಂತು. ಹಡಗುಗಳು ಸಾಲಾಗಿ ಬಂದು ನಿಂತಿವೆ, ಪುರುಸೊತ್ತು ಇಲ್ಲ, ಅದಕ್ಕೆ ತಡವಾಯಿತು. ಅವಳ ಕಾಲು ಬೇರೆ ಊದಿಕೊಂಡಿದೆ.

ದೂರದಿಂದ ಯಾವ ವಿಷ ಅಂತ ಹೇಳುವುದು ಕಷ್ಟ. ಬೆಕ್ಕುಗಳಿಗೆ ಎಷ್ಟೋ ಕಾಯಿಲೆ ಇರುತ್ತವೆ. ಯಾರ ಮೇಲೂ ಅನುಮಾನ ಪಡಬೇಡ, ಅದರಿಂದ ಸುಮ್ಮನೆ ಮನಸ್ಸು ಕೆಡುತ್ತದೆ. ಇಲಿಗಳು ಹೋದವಲ್ಲ, ಡಬ್ಬಿಗಳನ್ನೆಲ್ಲ ತೆಗೆದು ಆಳವಾಗಿ ಹೂತುಬಿಡು. ಅವನ್ನು ಅಲ್ಲಿ ಇಟ್ಟುಕೊಂಡಿರುವುದು ಬೇಡ. ಮೇಸ್ತ್ರಿಗೂ ಚೂರುವಿಗೂ ಎರಡು ಹೊತ್ತೂ ನೀನೇ ಹೊಟ್ಟೆ ತುಂಬ ಹಾಕು.

ಪುಟ್ಟ

*

ಆಗಸ್ಟ್ ೮

ಪುಟ್ಟಾ,

ಕಳ್ಳ ಸಿಕ್ಕಿಬಿದ್ದ.

ಹೋದ ವಾರ ಮೇಸ್ತ್ರಿ ಕಾಣೆಯಾದ. ಹಿಂದಿನ ಸಂಜೆ ನೀನು ಹೇಳಿದ ಹಾಗೆ ತಟ್ಟೆ ತುಂಬ ಇಟ್ಟಿದ್ದೆ, ಮೂಸಿಯೂ ನೋಡಿರಲಿಲ್ಲ. ಬೆಳಿಗ್ಗೆ ಹುಡುಕುತ್ತ ಗೇಟಿನವರೆಗೆ ಹೋದೆ. ಎದುರಿಗೆ ಗಡಿಯಾರದವರು ಹೊರಗಿನಿಂದ ಬರುತ್ತಿದ್ದಾರೆ, ಕೈಯಲ್ಲಿ ಗೋಣಿಚೀಲ. ಚೀಲದ ಬಾಯಿಂದ ಒಂದು ಬಾಲ ಇಳಿಬಿದ್ದಿತ್ತು. ಆ ಬಾಲ ನನಗೆ ಗೊತ್ತಿಲ್ಲವೇ? ಕಿತ್ತುಕೊಂಡು ನೋಡಿದರೆ ಮೇಸ್ತ್ರಿ. ಮೂತಿಯ ಮೇಲೆ ರಕ್ತ ಒಣಗಿತ್ತು. ಮೈ ಆಗಲೇ ಸೆಟೆದಿತ್ತು.

ನನಗೆ ಏನಾಯಿತೋ ಗೊತ್ತಿಲ್ಲ. ಅಂಗಳದ ನಡುವೆ ಚೀಲ ಇಳಿಸಿ ಕೂಗಿದೆ. ನನ್ನ ದನಿ ಎಷ್ಟು ದೊಡ್ಡದು ಅಂತ ನನಗೆ ತಿಳಿಯುವುದಿಲ್ಲವಲ್ಲ, ಮೇಲಿನ ಮಹಡಿಯ ಕಿಟಕಿಗಳೂ ತೆರೆದವು. "ಕೊಲೆಗಾರ! ಮೂಕಪ್ರಾಣಿ ಕೊಂದು ಕದ್ದು ಎಸೆಯಕ್ಕೆ ಹೊರಟಿದ್ದೀಯಲ್ಲ, ನಿನ್ನ ಕೈಗೆ ಹುಳ ಬೀಳ!" ಅಂದೆ. ಇಷ್ಟು ವರ್ಷ ಬಹುವಚನದಲ್ಲಿ ಮಾತಾಡಿಸಿದ ಮನುಷ್ಯನನ್ನು ಹಾಗೆ ಅಂದೆ.

ಅವರು ಬಾಯಿ ಆಡಿಸುತ್ತಲೇ ಇದ್ದರು. ಗೇಟಿನ ಕಡೆ ಕೈ ತೋರಿಸಿದರು, ನನ್ನ ಚೀಲದ ಕಡೆ ಕೈ ತೋರಿಸಿದರು. ಸ್ಲೇಟು ಬೇಕಿತ್ತು ಅವರಿಗೆ. ನಾನು ಕೊಡಲಿಲ್ಲ. ಕೊಲೆಗಾರನ ಬರಹ ಓದುವ ಕರ್ಮ ನನಗೇನು? ಕೊನೆಗೆ ಜೇಬಿನಿಂದ ಒಂದು ಪೊಟ್ಟಣ ತೆಗೆದು ನನ್ನ ಮುಂದೆ ಹಿಡಿದರು. ನೋಡು, ವಿಷವನ್ನು ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದರು! ಕೈಗೆ ಹೊಡೆದೆ. ಬಿಳಿ ಮಾತ್ರೆಗಳು ಚೆಲ್ಲಿದವು. ಒಂದೂ ಬಿಡದೆ ಕಾಲಲ್ಲಿ ಚರಂಡಿಗೆ ತಳ್ಳಿದೆ.

ಆಮೇಲೆ ವಠಾರವೇ ನನ್ನ ಕಡೆ ನಿಂತಿತು. ಯಾರೂ ಅವರ ಅಂಗಡಿಗೆ ಗಡಿಯಾರ ಕೊಡುತ್ತಿಲ್ಲ. ಯಾರೋ ಗಾಜಿಗೆ ಕಲ್ಲು ಹೊಡೆದರು. ಓನರಿಗೂ ಆ ಜಾಗ ಬೇಕಿತ್ತು ಅಂತ ಕಾಣುತ್ತದೆ, ಖಾಲಿ ಮಾಡು ಅಂದ. ನಿನ್ನೆ ಒಂದು ಕೈಗಾಡಿಯಲ್ಲಿ ಎಲ್ಲ ತುಂಬಿಕೊಂಡು ಹೋದರು. ಗೋಡೆಯ ಮೇಲೆ ನೇತುಹಾಕಿದ್ದ ಗಡಿಯಾರಗಳನ್ನು ಒಂದೊಂದಾಗಿ ನಿಲ್ಲಿಸಿ, ಬಟ್ಟೆ ಸುತ್ತಿ ಇಟ್ಟುಕೊಂಡರು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಖುಷಿಯಾಗುತ್ತದೆ ಅಂದುಕೊಂಡಿದ್ದೆ.

ಚೂರು ಇವತ್ತು ಬೆಳಿಗ್ಗೆ ಹೋಯಿತು. ನನ್ನ ಹೊಲಿಗೆ ಬುಟ್ಟಿಯಲ್ಲಿ, ನಿನ್ನ ಮಗುವಿನ ಕಂಬಳಿಯ ಮೇಲೆ. ಬೇರೆ ಕಂಬಳಿ ಹೆಣೆದು ಕಳಿಸುತ್ತೇನೆ.

ಡಬ್ಬಿಗಳನ್ನು ಹೂತಿದ್ದೇನೆ. ಇನ್ನು ಯಾರಿಗಾಗಿ ಅಂತ ಗೊತ್ತಿಲ್ಲ, ಬೆಳಿಗ್ಗೆ ಎದ್ದ ತಕ್ಷಣ ತಟ್ಟೆ ತೊಳೆಯುತ್ತೇನೆ.

ಅಕ್ಕ

*

ಆಗಸ್ಟ್ ೨೦

ಅಕ್ಕಾ,

ಇದನ್ನು ಕೂತು ಓದು.

ಗಡಿಯಾರದವರು ಏನೂ ಮಾಡಿಲ್ಲ. ನಿನ್ನ ನಾಲ್ವರನ್ನೂ ಕೊಂದದ್ದು ನಾನು ಕಳಿಸಿದ ಬಿಲ್ಲೆ.

ಆ ಮದ್ದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ಇಲಿ ತಿಂದು ಸಾಯುವವರೆಗೆ ಅದರ ಮೈಯಲ್ಲೇ ಇರುತ್ತದೆ. ಆ ಇಲಿಯನ್ನು ಇನ್ನೊಂದು ಜೀವ ತಿಂದರೆ ಅದರ ಮೈಗೂ ಇಳಿಯುತ್ತದೆ. ಒಂದು ತಿಂದರೆ ತಡೆದುಕೊಳ್ಳಬಹುದು, ದಿನಾ ತಿಂದರೆ ಇಲ್ಲ. ಡಬ್ಬಿಯೊಳಗೆ ಬೆಕ್ಕಿನ ಮೂತಿ ಹೋಗುವುದಿಲ್ಲ ಅಂತ ನಾನು ಎಷ್ಟು ಜಂಬದಿಂದ ಬರೆದೆ! ಬೆಕ್ಕಿನ ಬಾಯಿಗೆ ಇಲಿ ಹೋಗುತ್ತದೆ ಅನ್ನುವುದು ಮಕ್ಕಳಿಗೂ ಗೊತ್ತು, ನನ್ನ ತಲೆಗೆ ಹೊಳೆಯಲಿಲ್ಲ. ಗೋದಾಮಿನಲ್ಲಿ ಬೆಕ್ಕು ಇಲ್ಲ ಅಕ್ಕಾ. ಸತ್ತ ಇಲಿಯನ್ನು ನಾವೇ ಇಕ್ಕಳದಲ್ಲಿ ಎತ್ತಿ ಗುಂಡಿಗೆ ಹಾಕುತ್ತೇವೆ. ಇಷ್ಟು ವರ್ಷದಲ್ಲಿ ಅದನ್ನು ಯಾರಾದರೂ ತಿಂದಾರು ಅಂತ ಯೋಚಿಸುವ ಪ್ರಮೇಯವೇ ಬಂದಿರಲಿಲ್ಲ. ಸಂಜೆಯ ಊಟ ನಿಲ್ಲಿಸಿದ್ದೇನೆ ಅಂತ ನೀನು ಬರೆದಿದ್ದೆ. ಅದನ್ನು ಓದಿಯೇ ಗಂಟು ಕಟ್ಟಿದೆ.

ಇಷ್ಟು ತಿಳಿಯದೆ ಆದದ್ದು. ಮುಂದಿನದು ತಿಳಿದೇ ಮಾಡಿದ್ದು.

ಇಲಿಗಳು ಮಂಕು ಕವಿದು ನಿಲ್ಲುತ್ತವೆ ಅಂತ ಬರೆದೆಯಲ್ಲ, ಆಗಲೇ ಬೆಕ್ಕುಗಳ ಯೋಚನೆ ಬಂದಿತ್ತು. ಏನೂ ಆಗಲಿಕ್ಕಿಲ್ಲ ಅಂದುಕೊಂಡೆ. ಒಸಡು ಬಿಳುಚಿದೆ ಅಂತ ಓದಿದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಅದಕ್ಕೆ ಮಾತ್ರೆ ಇದೆ. ಆವತ್ತೇ ಬರೆದಿದ್ದರೆ ಮೇಸ್ತ್ರಿ, ಚೂರು ಉಳಿಯುತ್ತಿದ್ದವು. ಬರೆಯಲು ಕೂತೆ. ಸ್ಟೋರಿನ ವಿಷಯ ಹೊರಗೆ ಬಂದರೆ ಅಂತ ಹೆದರಿಕೆಯಾಯಿತು. ಅವಳ ಊದಿದ ಕಾಲು ನೋಡಿದೆ. ಪುರುಸೊತ್ತಿಲ್ಲ ಅಂತ ಸುಳ್ಳು ಬರೆದು ಕಳಿಸಿದೆ. ನೀನು ಹೀಗೆ ಇನ್ನೊಬ್ಬರ ಮೇಲೆ ಬೀಳುತ್ತೀಯ ಅಂತ ನಾನು ಎಣಿಸಿರಲಿಲ್ಲ ಅನ್ನೋಣ ಅಂದರೆ ಅದೂ ಸುಳ್ಳು. ನಿನ್ನ ಕೋಪ ನನಗೆ ಗೊತ್ತಿಲ್ಲವೇ?

ಅವರು ಹಿಡಿದುಕೊಂಡಿದ್ದ ಬಿಳಿ ಮಾತ್ರೆ ಯಾವುದೋ ನನಗೆ ಗೊತ್ತಿಲ್ಲ. ಆದರೆ ಅದು ವಿಷವಲ್ಲ. ಬಿಳಿ ಮಾತ್ರೆಯ ಇಲಿ ವಿಷ ನಾನು ಎಲ್ಲೂ ನೋಡಿಲ್ಲ.

ಸ್ಟೋರಿನ ವಿಷಯ ಯಾರಿಗೂ ಹೇಳಬೇಡ ಅಂತ ಮತ್ತೆ ಕೇಳಲು ಬಾಯಿಲ್ಲ. ಆದರೂ ಮನಸ್ಸು ಕೇಳುತ್ತಿದೆ.

ನಿನ್ನ ತಮ್ಮ

*

ಸೆಪ್ಟೆಂಬರ್ ೩

ತಮ್ಮನಿಗೆ,

ಓದಿದೆ. ಎಷ್ಟು ಸಲ ಅಂತ ಕೇಳಬೇಡ.

ಮೊದಲು ಟೀಚರಮ್ಮನ ಹತ್ತಿರ ಹೋದೆ. ಸ್ಲೇಟು ಮುಂದಿಟ್ಟು, ಆವತ್ತು ಅಂಗಳದಲ್ಲಿ ಅವರು ಬಾಯಿ ಆಡಿಸುತ್ತಿದ್ದರಲ್ಲ, ಏನು ಹೇಳುತ್ತಿದ್ದರು ಅಂತ ಕೇಳಿದೆ. ಅವಳು ಬಾಗಿಲು ಹಾಕಿ ಬಂದು ಕೂತಳು. ಆಮೇಲೆ ಬರೆದಳು: "ರಾತ್ರಿ ಬೆಕ್ಕು ಮೆಟ್ಟಿಲ ಕೆಳಗೆ ಬಿದ್ದಿತ್ತು, ಪ್ರಾಣಿಗಳ ಡಾಕ್ಟರ ಹತ್ರ ತಗೊಂಡು ಹೋಗಿದ್ದೆ ಅಂದ್ರು. ಅಲ್ಲೇ ಸತ್ತುಹೋಯ್ತಂತೆ. ಇಲಿ ತಿಂದು ಇಲಿ ಮದ್ದು ಹೊಟ್ಟೆ ಸೇರಿದೆ ಅಂತ ಡಾಕ್ಟರು ಹೇಳಿದ್ರಂತೆ. ಮರಿಗಾದ್ರೂ ಹಾಕಿ ಅಂತ ಮಾತ್ರೆ ತಂದಿದ್ರು."

ಮರಿಗಾದರೂ ಹಾಕಿ ಅಂತ. ನಾನು ಕಾಲಲ್ಲಿ ತಳ್ಳಿದೆನಲ್ಲ, ಅದು.

"ಗೊತ್ತಿದ್ದೂ ಯಾಕೆ ನನಗೆ ಹೇಳಲಿಲ್ಲ?" ಅಂದೆ. "ಸಿಕ್ಕಿಬಿದ್ದವರು ಏನಾದ್ರೂ ಹೇಳ್ತಾರೆ ಅಂದ್ಕೊಂಡ್ವಿ" ಅಂತ ಬರೆದಳು. ಅವಳನ್ನು ಬೈಯಲು ನನಗೆ ಯಾವ ಮುಖ? ಅವಳಿಗೆ ಕಿವಿ ಇತ್ತು, ನನ್ನ ಹತ್ತಿರ ಸ್ಲೇಟು ಇತ್ತು. ಇಬ್ಬರೂ ಕೇಳಿಸಿಕೊಳ್ಳಲಿಲ್ಲ.

ಅವರು ಈಗ ಸೇತುವೆಯ ಆಚೆ ಒಂದು ಕನ್ನಡಕದ ಅಂಗಡಿಯ ಮೂಲೆಯಲ್ಲಿ ಕೂರುತ್ತಾರೆ. ಹುಡುಕಿಕೊಂಡು ಹೋದೆ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೆಲಸ ಮಾಡುತ್ತಿದ್ದರು. ತಲೆ ಎತ್ತಿ ನನ್ನನ್ನು ನೋಡಿದಾಗ ಅದನ್ನು ತೆಗೆಯಲೂ ಇಲ್ಲ. ನಿನ್ನ ಕಾಗದ ಕೊಟ್ಟೆ.

ಪೂರ್ತಿ ಓದಿದರು. ಇದ್ದ ಮಡಿಕೆಯಲ್ಲೇ ಮಡಿಸಿ ವಾಪಸ್ ಕೊಟ್ಟರು. ಆಮೇಲೆ ಏನೋ ಹೇಳಿದರು, ಚಿಕ್ಕ ಮಾತು. ತುಟಿ ನೋಡಿ ತಿಳಿಯಲು ಆಗಲಿಲ್ಲ, ನನ್ನ ಕಣ್ಣು ಮಂಜಾಗಿತ್ತು. ಸ್ಲೇಟು ಮುಂದೆ ಹಿಡಿದು "ಬರೆದುಕೊಡಿ, ಬೈಗುಳವಾದ್ರೂ ಸರಿ" ಅಂದೆ. ಸ್ಲೇಟಿನ ಮೇಲೆ ಟೀಚರಮ್ಮನ ಅಕ್ಷರ ಇನ್ನೂ ಇತ್ತು. ಅವರು ಅದನ್ನು ಓದಿದರು. ತೋಳಿನಿಂದ ಒರೆಸಿದರು. ಖಾಲಿ ಸ್ಲೇಟು ನನ್ನ ಕೈಗೆ ಕೊಟ್ಟು ಗಡಿಯಾರದ ಮೇಲೆ ಬಗ್ಗಿದರು. ಬಳಪ ಮುಟ್ಟಲಿಲ್ಲ.

ಬರುವಾಗ ಸೇತುವೆಯ ಮೇಲೆ ನಿಂತು ಯೋಚನೆ ಮಾಡಿದೆ. ಅಂಗಳದಲ್ಲಿ ಎಲ್ಲರೆದುರು ಕೂಗಿದವಳು ನಾನು, ಅಂಗಡಿಯ ಮೂಲೆಯಲ್ಲಿ ಗುಟ್ಟಾಗಿ ಕಾಗದ ಕೊಟ್ಟು ಕೈ ತೊಳೆದುಕೊಳ್ಳಲು ಹೋಗಿದ್ದೆ. ವಠಾರದ ಬಾಯಲ್ಲಿ ಅವರು ಇವತ್ತಿಗೂ ಕೊಲೆಗಾರನೇ. ಕೂಗಿದ ಜಾಗದಲ್ಲೇ ನಿಂತು ಕೂಗಬೇಕು.

ನಿನ್ನ ಹೆಸರಿಲ್ಲದೆ ಹೇಳುವ ದಾರಿ ಹುಡುಕಿದೆ. ಡಬ್ಬಿ ನಾನೇ ಇಟ್ಟೆ ಅನ್ನಬಹುದು. ಎಲ್ಲಿಂದ ಬಂತು ಅನ್ನುತ್ತಾರೆ. ನನ್ನ ತಮ್ಮ ಬಂದರಿನಲ್ಲಿ ಇಲಿಯ ಕೆಲಸದಲ್ಲಿದ್ದಾನೆ ಅಂತ ಹೆಮ್ಮೆಯಿಂದ ಎಲ್ಲರಿಗೂ ಹೇಳಿಕೊಂಡು ಬಂದವಳು ನಾನೇ. ಓನರು ಒಂದು ಕಾಗದ ಬರೆದರೆ ನಿನ್ನ ಕೆಲಸ ಹೋಯಿತು. ಹೆರಿಗೆಯ ದಿನ ಹತ್ತಿರ ಬಂದಿದೆ, ಅದೂ ಗೊತ್ತು. ನಿನ್ನನ್ನು ಎತ್ತಿ ಬೆಳೆಸಿದವಳು, ನಿನ್ನ ಅನ್ನಕ್ಕೆ ಕಲ್ಲು ಹಾಕಲು ಕೈ ಬರುವುದಿಲ್ಲ. ಸುಮ್ಮನಿರಲೂ ಆಗುವುದಿಲ್ಲ. ನೀನೇ ಹೇಳು. ಬೇಡ ಅಂದರೆ ಬಾಯಿ ಮುಚ್ಚಿಕೊಂಡಿರುತ್ತೇನೆ, ಆದರೆ ಆಮೇಲೆ ನನಗೆ ಕಾಗದ ಬರೆಯಬೇಡ.

ಅಕ್ಕ

*

ಸೆಪ್ಟೆಂಬರ್ ೧೧

ಅಕ್ಕಾ,

ಹೇಳು. ನನ್ನ ಹೆಸರು ಹಿಡಿದೇ ಹೇಳು.

ಓನರು ಬರೆಯುವ ಮೊದಲು ನಾಳೆ ನಾನೇ ಸೂಪರ್‌ವೈಸರ್ ಹತ್ತಿರ ಹೋಗುತ್ತೇನೆ.

ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಈ ಸುದ್ದಿಯನ್ನು ಇಂಥ ಕಾಗದದಲ್ಲಿ ಬರೆಯಬೇಕಾಯಿತು.

ಪುಟ್ಟ

*

ಸೆಪ್ಟೆಂಬರ್ ೨೪

ಪುಟ್ಟಾ,

ಮಗುವಿಗೆ ಕಂಬಳಿ ಕಳಿಸಿದ್ದೇನೆ, ಹಳದಿ ಬಣ್ಣದ್ದು. ಯಾರ ಕಣ್ಣು, ಯಾರ ಮೂಗು ಅಂತ ಬರೆ. ಕೆಲಸದ ಸಂಗತಿ ನೀನು ಬರೆದಿಲ್ಲ, ನಾನೂ ಕೇಳುವುದಿಲ್ಲ. ಹೇಳಬೇಕೆನಿಸಿದಾಗ ಹೇಳು.

ಭಾನುವಾರ ಎಲ್ಲರೂ ಮನೆಯಲ್ಲಿದ್ದಾಗ ಅಂಗಳಕ್ಕೆ ಇಳಿದೆ. ಮೇಸ್ತ್ರಿಯ ಚೀಲ ಇಳಿಸಿದ ಜಾಗದಲ್ಲೇ ನಿಂತೆ. ಹೂತಿದ್ದ ಡಬ್ಬಿಗಳಲ್ಲಿ ಒಂದನ್ನು ಅಗೆದು ತಂದು ಮುಂದಿಟ್ಟುಕೊಂಡೆ. ಇದು ನನ್ನ ತಮ್ಮ ಕಳಿಸಿದ್ದು, ಇಟ್ಟವಳು ನಾನು, ಬೆಕ್ಕುಗಳನ್ನು ಹಸಿವಿಗೆ ಬಿಟ್ಟವಳೂ ನಾನು, ಗಡಿಯಾರದವರು ಔಷಧಿ ತಂದಿದ್ದರು, ಅದನ್ನು ಚರಂಡಿಗೆ ತಳ್ಳಿದವಳೂ ನಾನೇ ಅಂತ ಕೂಗಿ ಹೇಳಿದೆ. ಆವತ್ತಿನಷ್ಟೇ ದೊಡ್ಡ ದನಿ ಇತ್ತೋ ಇಲ್ಲವೋ ಗೊತ್ತಿಲ್ಲ. ಕಿಟಕಿಗಳು ತೆರೆದವು, ಅದನ್ನೇ ನೋಡಿ ಸಮಾಧಾನ ಮಾಡಿಕೊಂಡೆ.

ಆಮೇಲೆ ಎಲ್ಲರ ಬಾಯಿಗಳೂ ಒಟ್ಟಿಗೆ ಆಡಿದವು. ನಾನು ಸ್ಲೇಟು ಎತ್ತಿ ಹಿಡಿದೆ, ಈ ಸಲ ಯಾರು ಕೇಳಿದರೂ ಕೊಡುವವಳಿದ್ದೆ. ಕೆಳಮನೆಯ ಹೆಂಗಸೊಬ್ಬಳು ಕಿತ್ತುಕೊಂಡು "ನನ್ನ ಮಗು ಇದೇ ಅಂಗಳದಲ್ಲಿ ಅಂಬೆಗಾಲಿಡುತ್ತೆ" ಅಂತ ಬರೆದಳು. ಬಳಪ ಮುರಿಯುವ ಹಾಗೆ ಒತ್ತಿ ಬರೆದಿದ್ದಳು. ಅವಳ ಮಾತು ಸರಿ. ಸ್ಲೇಟಿನ ಮೇಲೆ ಗೀರು ಉಳಿದಿದೆ, ಎಷ್ಟು ಒರೆಸಿದರೂ ಕಾಣುತ್ತದೆ.

ಟೀಚರಮ್ಮ ಸೇತುವೆಯ ಆಚೆ ಹೋಗಿ ಅವರಿಗೆ ವಿಷಯ ತಿಳಿಸಿ ಬಂದಳಂತೆ. ತಲೆ ಆಡಿಸಿದರಂತೆ, ಅಷ್ಟೇ. ವಾಪಸ್ ಬರುವುದಿಲ್ಲ. ಮೆಟ್ಟಿಲ ಕೆಳಗಿನ ಜಾಗದಲ್ಲಿ ಓನರು ಆಗಲೇ ಸಿಮೆಂಟಿನ ಮೂಟೆ ಇರಿಸಿದ್ದಾನೆ.

ಮೊನ್ನೆ ನನ್ನ ಬಲ್ಬು ಹತ್ತಿತು. ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ನೋಡದೆ ಓಡಿದೆ. ಓನರಿನ ಆಳು ನಿಂತಿದ್ದ. ವರ್ಷ ಮುಗಿಯುವುದರೊಳಗೆ ಮನೆ ಬಿಡಬೇಕಂತೆ. ಆಗಲಿ ಅಂದೆ. ಸೂಜಿ ಇನ್ನೂ ಸಿಕ್ಕಿಲ್ಲ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಬೂದು ಬಣ್ಣದ ಹೊಸ ಬೆಕ್ಕೊಂದು ನಾಲ್ಕು ದಿನದಿಂದ ಹಿತ್ತಲ ಬಾಗಿಲಿಗೆ ಬರುತ್ತಿದೆ. ಬಡಕಲು, ಒಂದು ಕಣ್ಣು ಅರ್ಧ ಮುಚ್ಚಿದೆ. ನನ್ನನ್ನು ಕಂಡರೆ ಬಾಯಿ ತೆರೆಯುತ್ತದೆ. ಊಟ ಹಾಕಿದರೆ ಇಲ್ಲೇ ನಿಲ್ಲುತ್ತದೆ, ನಿಂತರೆ ಸೌದೆಯ ಹಿಂದೆ ಮೂಸುತ್ತದೆ. ಅಲ್ಲಿ ಇನ್ನೂ ಯಾವ ಇಲಿ ಬಿದ್ದಿದೆಯೋ ನನಗೆ ಗೊತ್ತಿಲ್ಲ. ಅದಕ್ಕೆ ಕಲ್ಲು ಹೊಡೆದು ಓಡಿಸುತ್ತಿದ್ದೇನೆ. ನಿನ್ನೆ ಒಂದು ಅದರ ಕಾಲಿಗೇ ಬಿತ್ತು. ಕುಂಟುತ್ತ ಗೋಡೆ ಹತ್ತಿತು. ಇವತ್ತು ಬೆಳಿಗ್ಗೆ ನೋಡಿದರೆ ಮತ್ತೆ ಬಂದು ಕೂತಿದೆ.

ನಿನ್ನ ಆ ಮದ್ದು ಇಲಿಯ ಮೈಯಲ್ಲಿ ಎಷ್ಟು ದಿನ ಇರುತ್ತದೆ? ಎಷ್ಟು ದಿನ ಕಳೆದ ಮೇಲೆ ಈ ಅಂಗಳದಲ್ಲಿ ಒಂದು ಬೆಕ್ಕು ನಿಲ್ಲಬಹುದು? ಅಲ್ಲಿಯವರೆಗೆ ಹೊಡೆಯುತ್ತಿರುತ್ತೇನೆ. ಗೊತ್ತಿದ್ದಷ್ಟು ಬರೆ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆ.

ಈ ಸಲ ತಡ ಮಾಡಬೇಡ.

ನಿನ್ನ ಅಕ್ಕ